‘ಮರವಾಗು’: ನಾಯಿ ಎದುರಾದಾಗ ಏನು ಮಾಡಬೇಕೆಂದು ಮಕ್ಕಳಿಗೆ ಕಲಿಸುವ ಕಿಟ್ ನಮ್ಮ ಬೀದಿಗೆ ಎಷ್ಟು ಹೊಂದುತ್ತದೆ?

ನಾಯಿ ಬೊಗಳುತ್ತ ಬಂದಾಗ ದೊಡ್ಡವರು ಮಕ್ಕಳಿಗೆ ಕೂಗಿ ಹೇಳುವುದು ಒಂದೇ ಮಾತು: ‘ಓಡಬೇಡ, ಓಡಬೇಡ!’ ಓಡದೆ ಮತ್ತೇನು ಮಾಡಬೇಕು ಅನ್ನುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಮಗು ಚೀರುತ್ತದೆ, ಎರಡೂ ಕೈ ತಲೆಯ ಮೇಲೆತ್ತುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೊನೆಗೆ ಓಡಿಯೇಬಿಡುತ್ತದೆ. ಕೆನಡಾದಲ್ಲಿ ಶುರುವಾದ ‘ಡಾಗ್‌ಗಾನ್ ಸೇಫ್’ ಎಂಬ ಲಾಭರಹಿತ ಸಂಸ್ಥೆಯ ‘ಬಿ ಎ ಟ್ರೀ’ ಕಿಟ್ ಹಿಡಿದಿರುವುದು ಸರಿಯಾಗಿ ಈ ಕೊರತೆಯನ್ನು. ‘ಬೇಡ’ಗಳ ಪಟ್ಟಿ ಬಿಟ್ಟು ಅದು ಮಗುವಿನ ಮೈಗೆ ಒಂದು ಕೆಲಸ ಕೊಡುತ್ತದೆ: ಮರವಾಗು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಆ ಒಂದು ಭಂಗಿಗಾಗಿ ಈ ಕಿಟ್ ಪ್ರತಿ ಪ್ರಾಥಮಿಕ ಶಾಲೆಗೂ ಬೇಕು. ಆದರೆ ಅದನ್ನು ಇದ್ದ ಹಾಗೆಯೇ ತಂದು ನಮ್ಮ ಮಕ್ಕಳ ಮುಂದೆ ಇಟ್ಟರೆ ಸಾಲದು. ಯಜಮಾನನ ಕೈಯಲ್ಲಿ ಹಗ್ಗ ಇರುವ ನಾಯಿಗಳ ಊರಿಗೆಂದು ಮಾಡಿದ್ದು ಅದು. ನಮ್ಮ ಮಕ್ಕಳು ನಡೆಯುವುದು ಬೇಕರಿ ಮುಂದೆ, ಕೋಳಿ ಅಂಗಡಿ ಪಕ್ಕ, ಕಸದ ತೊಟ್ಟಿಯ ತಿರುವಿನಲ್ಲಿ.

ಕಿಟ್‌ನಲ್ಲಿರುವುದು ಹೆಚ್ಚೇನಲ್ಲ: ಹಿಂದಿನ ಬೆಂಚಿಗೂ ಕಾಣುವಂಥ ದೊಡ್ಡ ಫೋಟೋ ಹಾಳೆಗಳು, ಪಾಠ ಮಾಡುವವರಿಗೆ ಏನು ಹೇಳಬೇಕೆಂಬ ಕೈಪಿಡಿ, ಮಕ್ಕಳನ್ನು ಎಬ್ಬಿಸಿ ಆಡಿಸುವ ಆಟಗಳು. ನಿಜವಾದ ನಾಯಿ ತರಗತಿಗೆ ಬರುವುದಿಲ್ಲ. ಇದು ಕೊರತೆಯಂತೆ ಕಾಣಬಹುದು, ನಮ್ಮ ಪ್ರಕಾರ ಇದೇ ಅದರ ಜಾಣತನ. 40 ಮಕ್ಕಳ ಕೋಣೆಗೆ ನಾಯಿ ತಂದರೆ ನಾಯಿ ಬಳಲುತ್ತದೆ. ಮೊದಲೇ ಹೆದರುವ ಮಗುವಿನ ಕಣ್ಣು ನಾಯಿಯ ಮೇಲೆಯೇ ನೆಟ್ಟಿರುತ್ತದೆ, ಪಾಠ ಕಿವಿಗೆ ಬೀಳುವುದಿಲ್ಲ. ಹೆದರದ ಮಗು ‘ಈ ನಾಯಿ ಏನೂ ಮಾಡಲಿಲ್ಲ, ಹಾಗಾದರೆ ಯಾವ ನಾಯಿಯೂ ಮಾಡುವುದಿಲ್ಲ’ ಎಂದುಕೊಂಡು ಮನೆಗೆ ಹೋಗುತ್ತದೆ. ಫೋಟೋ ಆದರೆ ಇಂಥ ತೊಂದರೆ ಇಲ್ಲ, ಬೇಕಾದಷ್ಟು ಹೊತ್ತು ನಿಲ್ಲಿಸಿ ತೋರಿಸಬಹುದು.

ಮರದ ಭಂಗಿ

ಮೂಲದಲ್ಲಿ ಮೂರು ಆಜ್ಞೆಗಳಿವೆ. ಕನ್ನಡದಲ್ಲಿ ಅವು ಬಾಯಿಗೆ ಇನ್ನೂ ಚೆನ್ನಾಗಿ ಕೂರುತ್ತವೆ: ನಿಲ್ಲು, ಕೊಂಬೆ ಮಡಚು, ಬೇರು ನೋಡು.

‘ನಿಲ್ಲು’ ಎಂದರೆ ಎಲ್ಲಿದ್ದರೆ ಅಲ್ಲಿ, ಎರಡೂ ಪಾದ ನೆಲಕ್ಕೆ ಒತ್ತಿ ನಿಲ್ಲುವುದು. ‘ಕೊಂಬೆ ಮಡಚು’ ಎಂದರೆ ಎರಡೂ ಕೈ ಕೆಳಗಿಳಿಸಿ, ಹೊಕ್ಕುಳಿಗಿಂತ ಕೆಳಗೆ ಒಂದರ ಮೇಲೊಂದು ಹೆಣೆದು ಮೈಗೆ ಒತ್ತಿಕೊಳ್ಳುವುದು. ‘ಬೇರು ನೋಡು’ ಎಂದರೆ ಗಲ್ಲ ಎದೆಯ ಕಡೆ ಇಳಿಸಿ ತನ್ನದೇ ಕಾಲ್ಬೆರಳು ನೋಡುವುದು. ಆಮೇಲೆ ನಾಯಿ ಹೊರಟುಹೋಗುವ ತನಕ ಅಥವಾ ದೊಡ್ಡವರು ಬರುವ ತನಕ ಮನಸ್ಸಿನಲ್ಲೇ ಎಣಿಸುತ್ತಿರಬೇಕು, ತನಗೆ ಬರುವ ದೊಡ್ಡ ಸಂಖ್ಯೆಯವರೆಗೆ. ನಮ್ಮ ಮಕ್ಕಳಿಗೆ ಎಣಿಕೆಗಿಂತ ಮಗ್ಗಿ ಒಳ್ಳೆಯದು. ಮೂರರ ಮಗ್ಗಿ, ನಾಲ್ಕರ ಮಗ್ಗಿ, ತುಟಿ ಅಲುಗದಂತೆ. ಮಗ್ಗಿಯಲ್ಲಿ ಮನಸ್ಸು ಸಿಕ್ಕಿಕೊಂಡರೆ ಉಸಿರು ತಾನಾಗಿ ಒಂದು ಲಯಕ್ಕೆ ಬರುತ್ತದೆ.

ಪ್ರತಿ ಹೆಜ್ಜೆಗೂ ಕಾರಣವಿದೆ, ಮಕ್ಕಳಿಗೆ ಆ ಕಾರಣ ಹೇಳಿದರೆ ಬೇಗ ಹತ್ತುತ್ತದೆ. ಓಡುವ ಯಾವುದನ್ನೇ ಆಗಲಿ ಬೆನ್ನಟ್ಟುವುದು ನಾಯಿಯ ಹುಟ್ಟುಗುಣ, ನಿಂತದ್ದನ್ನು ಬೆನ್ನಟ್ಟಲಾಗದು. ಮೇಲೆತ್ತಿದ ಕೈ ನಾಯಿಯ ಕಣ್ಣಿಗೆ ಆಟಿಕೆ ಅಥವಾ ತಿಂಡಿ, ಅದಕ್ಕಾಗಿ ಅದು ಹಾರುತ್ತದೆ. ಹಾರಿದರೆ ಮಗುವಿನ ಮುಖ ಅದರ ಬಾಯಿಯ ಎತ್ತರಕ್ಕೇ ಸಿಗುತ್ತದೆ. ದಿಟ್ಟಿಸಿ ನೋಡುವುದು ನಾಯಿಗಳ ನಡುವೆ ಜಗಳಕ್ಕೆ ಕರೆದಂತೆ. ತಲೆ ತಗ್ಗಿಸಿದರೆ ಆ ಕರೆ ಇರುವುದಿಲ್ಲ, ಜೊತೆಗೆ ಗಲ್ಲ ಇಳಿದು ಕುತ್ತಿಗೆಗೆ ಮರೆಯಾಗುತ್ತದೆ. ಮಕ್ಕಳ ಕೀರಲು ದನಿಗೆ ನಾಯಿ ಇನ್ನಷ್ಟು ಕೆರಳುವುದರಿಂದ ಮರ ಮಾತಾಡುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಮರವಾಗಿ ನಿಂತ ಮಗುವಿನ ಹತ್ತಿರ ನಾಯಿ ಬಂದೇ ಬರುತ್ತದೆ, ಮೂಸುತ್ತದೆ. ಒದ್ದೆ ಮೂಗು ಮೊಣಕಾಲಿಗೆ, ಬೆರಳಿಗೆ ತಾಗುತ್ತದೆ. ಭಂಗಿ ಮುರಿಯುವುದು ಆ ಕ್ಷಣದಲ್ಲೇ. ಮೂಸುವುದು ನಾಯಿ ವಿಳಾಸ ಕೇಳಿದ ಹಾಗೆ, ಕಚ್ಚಲು ಬಂದ ಹಾಗಲ್ಲ, ಕೇಳಿಕೊಂಡು ಹೋಗುತ್ತದೆ ಎಂದು ಮೊದಲೇ ತಿಳಿಸಿರಬೇಕು. ಮಾತಿನಲ್ಲಿ ಹೇಳಿದ್ದು ಸಾಲುವುದಿಲ್ಲ. ಮಕ್ಕಳು ಮರವಾಗಿ ನಿಂತಿರುವಾಗ ಒದ್ದೆ ಹತ್ತಿಯ ಉಂಡೆಯನ್ನು ಹಿಂದಿನಿಂದ ಮಂಡಿಯ ಮಡಿಕೆಗೆ, ಬೆರಳ ತುದಿಗೆ ಮುಟ್ಟಿಸಿ. ಮೊದಲ ಸಲ ಕಿಲಕಿಲ ನಕ್ಕು ಓಡುತ್ತಾರೆ. ಐದಾರು ಸಲ ಆದಮೇಲೆ ಅಲುಗುವುದಿಲ್ಲ.

ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂದು ನೋಡಲು ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಕೈ ಕಟ್ಟಿ ಎಂದರೆ ಹಲವರು ಶಾಲೆಯ ಅಭ್ಯಾಸದಂತೆ ಎದೆಯ ಮೇಲೆ ಕೈಕಟ್ಟುತ್ತಾರೆ, ಮೊಣಕೈ ಹೊರಗೆ ಚಾಚಿಕೊಳ್ಳುತ್ತದೆ. ಕೈ ಕೆಳಗೇ ಇರಬೇಕು. ತಲೆ ತಗ್ಗಿಸಿದರೂ ಹುಬ್ಬಿನಡಿಯಿಂದ ಕದ್ದು ನೋಡುವವರು ಅರ್ಧ ತರಗತಿ. ಒಂದು ಹಿಮ್ಮಡಿ ಎತ್ತಿ ಓಡಲು ತಯಾರಾಗಿರುವವರೂ ಇದ್ದಾರೆ. ಕೈಯಲ್ಲಿ ಬಿಸ್ಕತ್ತೋ ಬನ್ನೋ ಇದ್ದರೆ ಮರವಾಗುವ ಮೊದಲು ಅದನ್ನು ನೆಲಕ್ಕೆ ಬಿಡಬೇಕು. ಎಸೆಯುವುದಲ್ಲ, ಬಿಡುವುದು. ಎಸೆದ ಕೈಯ ಓಟವೇ ನಾಯಿಯನ್ನು ಸೆಳೆಯುತ್ತದೆ. ಅಕ್ಕನಂಥ ಮಕ್ಕಳು ಚಿಕ್ಕ ತಮ್ಮನನ್ನು ಎತ್ತಿಕೊಳ್ಳಲು ಹೋಗುತ್ತಾರೆ, ಎತ್ತಿದರೆ ನಾಯಿ ಮೇಲಕ್ಕೆ ಹಾರುತ್ತದೆ. ತಮ್ಮನನ್ನು ಬೆನ್ನಿಗೆ ಆನಿಸಿಕೊಂಡು ಇಬ್ಬರೂ ಮರವಾಗುವುದೇ ಸರಿ.

ಮನೆಯಲ್ಲಿ ಅಭ್ಯಾಸ ಮಾಡಿಸಲು ಕಿಟ್ ಬೇಕಾಗಿಯೇ ಇಲ್ಲ, ‘ಸ್ಟ್ಯಾಚ್ಯೂ’ ಆಟ ಸಾಕು. ಆದರೆ ಸ್ಟ್ಯಾಚ್ಯೂದಲ್ಲಿ ಕೈ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ, ಕಣ್ಣು ಎದುರಿಗಿರುವವರ ಮೇಲಿರುತ್ತದೆ. ಹಾಗಾಗಿ ‘ಸ್ಟ್ಯಾಚ್ಯೂ’ ಬದಲು ‘ಮರ!’ ಎಂದು ಕೂಗಿ, ಆ ಮೂರು ಹೆಜ್ಜೆಗೇ ಬರಬೇಕೆಂದು ನಿಯಮ ಮಾಡಿ. ಓಡುತ್ತಿರುವಾಗ ಕೂಗಿ, ಸೈಕಲ್ ತುಳಿಯುತ್ತಿರುವಾಗ ಕೂಗಿ, ಚೆಂಡಿನ ಹಿಂದೆ ಹೋಗುತ್ತಿರುವಾಗ ಕೂಗಿ. ನಿಂತಲ್ಲೇ ನಿಂತು ಮಾಡಿದ ಅಭ್ಯಾಸ ಓಡುವಾಗ ನೆನಪಿಗೆ ಬರುವುದಿಲ್ಲ.

ನಾಯಿ ಕೆಡವಿಬಿಟ್ಟರೆ? ಅದಕ್ಕೆ ಮುಂದಿನ ಭಂಗಿ ಗುಂಡುಕಲ್ಲು. ಮಂಡಿ ಹೊಟ್ಟೆಗೆ ಎಳೆದು, ಮುಖ ನೆಲದ ಕಡೆ ಮಾಡಿ, ಬೆರಳು ಹೆಣೆದ ಎರಡು ಕೈಯಿಂದ ಕತ್ತಿನ ಹಿಂಭಾಗ ಮುಚ್ಚಿ, ಮೊಣಕೈಗಳನ್ನು ಕಿವಿಗೆ ಒತ್ತಿ ಅಲುಗದೆ ಇರುವುದು. ಬೆನ್ನಿನ ಮೇಲೆ ಶಾಲೆಯ ಚೀಲ ಇದ್ದರೆ ತೆಗೆಯಬಾರದು, ಅದೇ ಗುರಾಣಿ. ಈ ಭಂಗಿಯನ್ನು ಅಪಾಯದ ಮಾತು ಹೆಚ್ಚಾಡದೆ ಆಟದ ಕೊನೆಗೆ ಎರಡು ಸಲ ಮಾಡಿಸಿದರೆ ಸಾಕು.

ಫೋಟೋಗಳು: ಬಲವೂ ಅಲ್ಲಿಯೇ, ಕೊರತೆಯೂ ಅಲ್ಲಿಯೇ

ಕಿಟ್‌ನ ಎರಡನೇ ಅರ್ಧ ನಾಯಿಯ ಮೈ ಓದುವ ಪಾಠ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿರುವಂತೆ ಎಳೆಯ ಮಕ್ಕಳಲ್ಲಿ ಬಹಳಷ್ಟು ಮಂದಿ ಹಲ್ಲು ಕಿರಿದ ನಾಯಿಯನ್ನು ನೋಡಿ ‘ನಗ್ತಾ ಇದೆ’ ಎನ್ನುತ್ತಾರೆ. ಮನುಷ್ಯರ ಮುಖದಲ್ಲಿ ಹಲ್ಲು ಕಂಡರೆ ನಗು, ನಾಯಿಯಲ್ಲೂ ಹಾಗೇ ಎಂದು ಓದುತ್ತಾರೆ. ನಗುವೆಂದು ತಿಳಿದ ಮಗು ದೂರ ಸರಿಯುವ ಬದಲು ಹತ್ತಿರ ಹೋಗುತ್ತದೆ. ಆದ್ದರಿಂದ ಈ ಪಾಠ ಬೇಕೇ ಬೇಕು.

ಕಿಟ್ ಕಲಿಸುವ ಚಿಹ್ನೆಗಳು ಸರಿಯಾದವೇ. ಸಡಿಲವಾಗಿ ಬಾಯಿ ತೆರೆದು ಏದುಸಿರು ಬಿಡುತ್ತ, ಸೊಂಟದವರೆಗೂ ಮೈ ಬಳುಕಿಸಿ ಬಾಲ ಆಡಿಸುವ ನಾಯಿ ನೆಮ್ಮದಿಯಲ್ಲಿದೆ. ಬಾಯಿ ಮುಚ್ಚಿ ಮೈ ಬಿಗಿ ಮಾಡಿದ ನಾಯಿಗೆ ‘ನನ್ನ ಹತ್ತಿರ ಬರಬೇಡ’ ಎಂದು ಹೇಳಬೇಕಾಗಿದೆ. ಗುರುಗುಟ್ಟುವ ಮೊದಲೇ ಅದು ಸಣ್ಣ ಸೂಚನೆಗಳನ್ನು ಕೊಡುತ್ತದೆ: ತಿಂಡಿ ಏನೂ ಇಲ್ಲದೆ ಮೂಗಿನ ಮೇಲೆ ನಾಲಗೆ ಚಾಚಿ ಒಳಗೆಳೆಯುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ಆ ಕಡೆ ತಿರುಗಿಸಿ ಕಣ್ಣು ಮಾತ್ರ ಈ ಕಡೆ ಇಡುವುದು. ಆಗ ಕಣ್ಣಿನ ಬಿಳಿಭಾಗ ಅರ್ಧಚಂದ್ರದ ಹಾಗೆ ಕಾಣುತ್ತದೆ. ಮಗು ನಾಯಿಯ ಕುತ್ತಿಗೆ ತಬ್ಬಿಕೊಂಡು ನಗುತ್ತಿರುವ ಫೋಟೋ ಯಾವ ಮನೆಯ ಫೋನಿನಲ್ಲೂ ಸಿಗುತ್ತದೆ. ಅಲ್ಲಿ ಮಗುವಿನ ನಗು ಬಿಟ್ಟು ನಾಯಿಯ ಕಣ್ಣು ನೋಡಿ. ಬಿಳಿ ಅರ್ಧಚಂದ್ರ, ಮುಚ್ಚಿದ ಬಾಯಿ, ಹಿಂದಕ್ಕೆ ಒತ್ತಿದ ಕಿವಿ. ನಾಯಿಗಳು ಅಪ್ಪುಗೆಯನ್ನು ಪ್ರೀತಿ ಎಂದು ತಿಳಿಯುವುದಿಲ್ಲ, ಹಿಡಿದು ಹಾಕಿದರು ಎಂದು ತಿಳಿಯುತ್ತವೆ. ತಬ್ಬಬಾರದು, ಮುಖಕ್ಕೆ ಮುತ್ತಿಡಬಾರದು ಎಂಬುದನ್ನು ಈ ಸಂಸ್ಥೆ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತದೆ, ನಾವು ಅದಕ್ಕೆ ಪೂರ್ತಿ ದನಿಗೂಡಿಸುತ್ತೇವೆ.

ಕಷ್ಟ ಬರುವುದು ಫೋಟೋಗಳ ನಾಯಿಗಳಿಂದ. ಅವು ಮುಖ್ಯವಾಗಿ ಸಾಕಿದ, ತಲೆ ಬಾಚಿದ, ವಿದೇಶಿ ತಳಿಯ ನಾಯಿಗಳು. ನಮ್ಮ ಬೀದಿನಾಯಿಯ ಬಾಲ ಸುಮ್ಮನಿರುವಾಗಲೂ ಬೆನ್ನಿನ ಮೇಲೆ ಸುರುಳಿಯಾಗಿರುವುದು ಸಾಮಾನ್ಯ. ‘ಬಾಲ ಮೇಲಿದ್ದರೆ ಎಚ್ಚರ’ ಎಂದು ಕಲಿಸಿದರೆ ಮಗುವಿಗೆ ಊರಿನ ನಾಯಿಗಳೆಲ್ಲ ಕೋಪದಲ್ಲಿರುವಂತೆ ಕಾಣುತ್ತವೆ, ಎರಡೇ ದಿನಕ್ಕೆ ಆ ಪಾಠವನ್ನು ನಂಬುವುದು ಬಿಡುತ್ತದೆ. ಮೋಟು ಬಾಲದ ನಾಯಿ, ಜೋಲು ಕಿವಿಯ ನಾಯಿ, ದಟ್ಟ ಕೂದಲಿನ ಪಾಮೆರೇನಿಯನ್‌ನಂಥ ನಾಯಿ ಇವುಗಳಲ್ಲಿ ಕಿವಿ, ಬಾಲ ಸುಳ್ಳು ಹೇಳಬಹುದು. ಬಾಯಿ, ಕಣ್ಣು, ಮೈಯ ಬಿಗಿ ಇವನ್ನೇ ಮುಖ್ಯವಾಗಿ ಕಲಿಸಿ, ಬಾಲವನ್ನು ಕೊನೆಗಿಡಿ. ಶಾಲೆಯ ಸುತ್ತಲಿನ ನಾಯಿಗಳ ಫೋಟೋಗಳನ್ನೇ ದೂರದಿಂದ ತೆಗೆದು, ಎ3 ಹಾಳೆಗೆ ದೊಡ್ಡದಾಗಿ ಮುದ್ರಿಸಿ ಬಳಸಿದರೆ ಮೂಲ ಹಾಳೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಮಲಗಿದ್ದು, ತಿನ್ನುತ್ತಿರುವುದು, ಮರಿ ಜೊತೆಗಿರುವುದು, ಎರಡು ನಾಯಿ ಎದುರುಬದುರು ನಿಂತಿರುವುದು. ಇಷ್ಟು ನಾಲ್ಕು ಚಿತ್ರ ಇದ್ದರೂ ಒಂದು ಪಿರಿಯಡ್ ಮುಗಿಯುತ್ತದೆ.

ಇನ್ನೊಂದು ಅಧ್ಯಾಯ ‘ಯಜಮಾನನನ್ನು ಕೇಳು, ಆಮೇಲೆ ನಾಯಿಯನ್ನು ಕೇಳು’. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಲ್ಯಾಬ್ರಡಾರ್ ಸಿಗುವ ಬೆಂಗಳೂರಿನ ಮಗುವಿಗೆ ಇದು ಚಿನ್ನದಂಥ ಮಾತು. ಯಜಮಾನ ಹೂಂ ಎಂದ ಮೇಲೂ ಮಗು ನಾಯಿಯ ಮೇಲೆ ಬಗ್ಗಬಾರದು. ಪಕ್ಕಕ್ಕೆ ತಿರುಗಿ ನಿಂತು, ನಾಯಿ ತಾನಾಗಿ ಬಂದರೆ ಎದೆಯನ್ನೋ ಭುಜವನ್ನೋ ಒಂದೇ ಕೈಯಿಂದ ಮೂರು ಸೆಕೆಂಡು ಸವರಿ ಕೈ ತೆಗೆಯಬೇಕು. ಇನ್ನೂ ಬೇಕೆಂದರೆ ನಾಯಿ ಒತ್ತಿಕೊಂಡು ಬರುತ್ತದೆ, ಬೇಡವೆಂದರೆ ಸರಿಯುತ್ತದೆ. ಆದರೆ ಯಜಮಾನನೇ ಇಲ್ಲದ ನಾಯಿಯ ವಿಷಯದಲ್ಲಿ ನಮಗೆ ಬೇರೆ, ಚಿಕ್ಕ ನಿಯಮ ಬೇಕು: ಕೇಳಲು ಯಾರೂ ಇಲ್ಲದಿದ್ದರೆ ಮುಟ್ಟುವುದಿಲ್ಲ. ಎಷ್ಟೇ ಪರಿಚಯದ ಬೀದಿನಾಯಿ ಆಗಿರಲಿ.

ನೀಲಿ ನಾಯಿಯ ಜೊತೆ ಹೋಲಿಸಿದರೆ

ಮೂರರಿಂದ ಆರು ವರ್ಷದವರಿಗೆ ಯುರೋಪಿನಲ್ಲಿ ಮಾಡಿದ ‘ಬ್ಲೂ ಡಾಗ್’ ಎಂಬ ಇನ್ನೊಂದು ಸಾಮಗ್ರಿ ಇದೆ. ಮೊದಲು ಸಿಡಿಯಾಗಿ, ಪೋಷಕರ ಕೈಪಿಡಿಯ ಜೊತೆ ಬಂತು. ಕಾರ್ಟೂನ್ ಮನೆಯೊಳಗೆ ಒಂದು ಮಗು, ಒಂದು ನೀಲಿ ನಾಯಿ. ನಾಯಿ ತಿನ್ನುತ್ತಿದೆ, ನಾಯಿ ಬುಟ್ಟಿಯಲ್ಲಿ ಮಲಗಿದೆ, ಈಗ ಏನು ಮಾಡಬೇಕು ಎಂದು ಮಗು ಎರಡರಲ್ಲಿ ಒಂದನ್ನು ಆರಿಸುತ್ತದೆ, ತಪ್ಪು ಆರಿಸಿದರೆ ಏನಾಗುತ್ತದೆ ಎಂದು ಕಾಣುತ್ತದೆ. ಎಳೆಯ ಮಕ್ಕಳಿಗೆ ಹೆಚ್ಚಾಗಿ ಕಚ್ಚುವುದು ಮನೆಯೊಳಗಿನ ಪರಿಚಯದ ನಾಯಿಯೇ ಎಂಬ ತಿಳಿವಳಿಕೆಯ ಮೇಲೆ ಇದನ್ನು ಕಟ್ಟಿದ್ದಾರೆ. ಅಲ್ಲಿ ಅದು ನಿಜ.

ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಫಲ ಕಣ್ಣು ತೆರೆಸುವಂಥದ್ದು. ಬ್ಲೂ ಡಾಗ್ ಆಡಿದ ಮಕ್ಕಳು ಅಪಾಯದ ಸನ್ನಿವೇಶವನ್ನು ಚಿತ್ರದಲ್ಲಿ ಚೆನ್ನಾಗಿ ಗುರುತಿಸಿದರು. ಆದರೆ ನಿಜವಾದ ನಾಯಿ ಎದುರಿಗಿದ್ದಾಗ ಅವರ ನಡವಳಿಕೆ ಉಳಿದ ಮಕ್ಕಳಿಗಿಂತ ಬೇರೆಯಾಗಿರಲಿಲ್ಲ. ಪರದೆಯ ಮೇಲಿನ ತಿಳಿವಳಿಕೆ ಕೈಕಾಲಿಗೆ ಇಳಿದಿರಲಿಲ್ಲ.

ಇದರ ಪಕ್ಕದಲ್ಲಿ ಸಿಡ್ನಿಯ ಪ್ರಯೋಗವನ್ನು ಇಟ್ಟು ನೋಡಬೇಕು. ಅಲ್ಲಿನ ಎಂಟು ಪ್ರಾಥಮಿಕ ಶಾಲೆಗಳ 7-8 ವರ್ಷದ ಮಕ್ಕಳ ಮೇಲೆ ನಡೆದದ್ದು, 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅರ್ಧ ಗಂಟೆಯ ಒಂದೇ ಪಾಠ. ಅದಾಗಿ ಏಳರಿಂದ ಹತ್ತು ದಿನದ ಮೇಲೆ ಆಟದ ಮೈದಾನದಲ್ಲಿ ಒಂದು ಸಾಧು ಲ್ಯಾಬ್ರಡಾರನ್ನು ಕಟ್ಟಿಹಾಕಿ, ಯಜಮಾನ ಕೂಲಿಕಾರನ ವೇಷದಲ್ಲಿ ಐದು ಮೀಟರ್ ದೂರ ನಿಂತ. ಮಕ್ಕಳಿಗೆ ಏನೂ ಹೇಳದೆ ಆಡಲು ಬಿಟ್ಟರು. ಪಾಠ ಕೇಳದ 149 ಮಕ್ಕಳಲ್ಲಿ 118 ಮಂದಿ ಹೋಗಿ ನಾಯಿಯನ್ನು ಸವರಿದರು. ಪಾಠ ಕೇಳಿದ 197 ಮಕ್ಕಳಲ್ಲಿ ಹಾಗೆ ಮಾಡಿದವರು 18 ಮಂದಿ ಮಾತ್ರ. ಎರಡೂ ಅಧ್ಯಯನಗಳಲ್ಲಿ ಮಕ್ಕಳ ವಯಸ್ಸು ಬೇರೆ, ಪಾಠವೂ ಬೇರೆ, ಸರಿಸಮ ತೂಗಲಾಗದು ನಿಜ. ಆದರೂ ನಮ್ಮ ಒಲವು ಎತ್ತ ಎಂಬುದು ಸ್ಪಷ್ಟ: ಆರು ದಾಟಿದವರಿಗೆ ಎದ್ದು ನಿಂತು ಮೈಯಿಂದ ಮಾಡುವ ಪಾಠವೇ ಬೇಕು, ‘ಮರವಾಗು’ ಅದನ್ನೇ ಮಾಡಿಸುತ್ತದೆ. ಆರರೊಳಗಿನ ಮಗುವಿಗೆ ಯಾವ ಸಾಮಗ್ರಿಯೂ ಕಾವಲಾಗದು. ನಾಯಿ ಇರುವ ಮನೆಯಲ್ಲಿ ದೊಡ್ಡವರು ಕೈಗೆಟುಕುವ ದೂರದಲ್ಲಿರಬೇಕು, ಕಣ್ಣು ಫೋನಿನಲ್ಲಿ ಇರಬಾರದು. ಇರಲಾಗದಿದ್ದರೆ ಮಗುವಿಗೂ ನಾಯಿಗೂ ನಡುವೆ ಮುಚ್ಚಿದ ಬಾಗಿಲಿರಬೇಕು.

ನಾವು ಸೇರಿಸಿಕೊಳ್ಳಬೇಕಾದ ಪಾಠ

ಬಿಸಿಯೂಟದ ಹೊತ್ತಿಗೆ ನಾಯಿಗಳು ಶಾಲೆಯ ಅಂಗಳಕ್ಕೆ ಬರುತ್ತವೆ. ತಟ್ಟೆ ಹಿಡಿದು ಅಂಗಳದಲ್ಲಿ ಓಡಾಡಿ ತಿನ್ನುವ ಮಗು, ಕೈಯಲ್ಲಿ ಮೊಟ್ಟೆ, ಹಿಂದೆ ಎರಡು ನಾಯಿ. ಇದು ಕಿಟ್‌ನಲ್ಲಿಲ್ಲದ ಚಿತ್ರ, ನಮ್ಮಲ್ಲಿ ದಿನದ ಚಿತ್ರ. ಕೂತು ಊಟ, ಗೇಟು ಮುಚ್ಚಿ ಊಟ, ಮಿಕ್ಕಿದ್ದಕ್ಕೆ ಮುಚ್ಚಳವಿರುವ ಬಕೆಟ್ಟು. ಊಟದ ತಾಣದಲ್ಲೇ ಮಕ್ಕಳು ನಾಯಿಗೆ ಎಸೆದರೆ ನಾಯಿಗಳ ನಡುವೆ ಜಗಳ ಹತ್ತುತ್ತದೆ, ಆ ಜಗಳದ ಮಧ್ಯೆ ಮಗು ಸಿಕ್ಕಿಕೊಳ್ಳುತ್ತದೆ. ಪ್ರಾಣಿದಯೆ ಇರುವ ಶಾಲೆ ನಾಯಿಗೆ ಊಟ ಹಾಕಬೇಕೆಂದರೆ ದೊಡ್ಡವರೇ, ಕಾಂಪೌಂಡಿನ ಆಚೆ, ಮಕ್ಕಳು ತರಗತಿಯಲ್ಲಿರುವಾಗ ಹಾಕಲಿ.

ಮರಿ ಹಾಕಿದ ನಾಯಿ ಇನ್ನೊಂದು. ಮಳೆಗಾಲ ಕಳೆದು ಚಳಿ ಶುರುವಾಗುವ ತಿಂಗಳುಗಳಲ್ಲಿ ಚರಂಡಿಯ ಕಲ್ಲುಚಪ್ಪಡಿ ಕೆಳಗೆ, ನಿಂತ ಲಾರಿಯಡಿ, ಮರಳಿನ ಗುಡ್ಡೆಯ ಹಿಂದೆ ಮರಿಗಳು ಕಾಣುತ್ತವೆ. ವರ್ಷವಿಡೀ ಸಾಧುವಾಗಿದ್ದ ನಾಯಿ ಆ ಒಂದೆರಡು ತಿಂಗಳು ಬೇರೆಯೇ ನಾಯಿ. ತಾಯಿ ಕಾಣುತ್ತಿಲ್ಲ ಎಂದರೆ ತಾಯಿ ಇಲ್ಲ ಎಂದಲ್ಲ. ‘ಮರಿ ಮುಟ್ಟಬೇಡ’ ಎಂದು ಬರೀ ಹೇಳಿದರೆ ಮಕ್ಕಳು ಕೇಳುವುದಿಲ್ಲ, ಮರಿ ಅಷ್ಟು ಮುದ್ದಾಗಿರುತ್ತದೆ. ‘ಮರಿ ಕಂಡರೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಎಣಿಸಿ, ಎಷ್ಟಿವೆ ಎಂದು ಮನೆಗೆ ಬಂದು ಹೇಳು’ ಎಂದರೆ ಕೇಳುತ್ತಾರೆ.

ಒಂದಕ್ಕಿಂತ ಹೆಚ್ಚು ನಾಯಿ ಇದ್ದಾಗಲೂ ಮರದ ಭಂಗಿಯೇ, ಆದರೆ ಹಿಂಬದಿಯಿಂದ ಬರುವ ನಾಯಿಯ ಭಯ ಇರುವುದರಿಂದ ಗೋಡೆಯೋ ನಿಂತ ಕಾರೋ ಎರಡು ಹೆಜ್ಜೆಯಲ್ಲಿ ಸಿಕ್ಕರೆ ನಿಧಾನ ಪಕ್ಕಕ್ಕೆ ಸರಿದು ಅದಕ್ಕೆ ಬೆನ್ನು ಕೊಟ್ಟು ಮರವಾಗಬೇಕು. ಸೈಕಲ್ಲಿನಲ್ಲಿದ್ದರೆ ಜೋರಾಗಿ ತುಳಿಯುವುದು ಸೋಲುವ ಪಂದ್ಯ. ನಾಯಿ ಬೆನ್ನಟ್ಟುವುದು ತಿರುಗುವ ಕಾಲು, ತಿರುಗುವ ಚಕ್ರವನ್ನು. ಇಳಿದು, ಸೈಕಲ್ಲನ್ನು ನಾಯಿಗೂ ತನಗೂ ನಡುವೆ ಬೇಲಿಯಂತೆ ಹಿಡಿದು ನಿಲ್ಲಬೇಕು. ಕಲ್ಲು ಹೊಡೆಯುವುದನ್ನು ದೊಡ್ಡವರು ಮೊದಲು ಬಿಡಬೇಕು. ಕಲ್ಲು ತಿಂದ ನಾಯಿ ಮುಂದೆ ಕೈ ಎತ್ತಿದ ಪ್ರತಿ ಮಗುವಿನಲ್ಲೂ ಕಲ್ಲನ್ನೇ ಕಾಣುತ್ತದೆ.

ಮರದ ಭಂಗಿಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಹುಚ್ಚು ಹಿಡಿದ ನಾಯಿ ನಿಂತದ್ದು ಓಡುವುದು ಎಂದು ನೋಡದೆ ಎದುರು ಸಿಕ್ಕಿದ್ದನ್ನೆಲ್ಲ ಕಚ್ಚಬಹುದು. ಜೊಲ್ಲು ಸುರಿಸುತ್ತ, ದವಡೆ ಜೋತು, ತೂರಾಡುತ್ತ, ಕಾರಣವಿಲ್ಲದೆ ಕಂಬಕ್ಕೆ ಕಲ್ಲಿಗೆ ಬಾಯಿ ಹಾಕುವ ನಾಯಿ ದೂರದಲ್ಲಿ ಕಂಡರೆ ಹತ್ತಿರ ಬರುವ ಮೊದಲೇ ಮನೆಯೊಳಗೆ ಸೇರುವುದು, ಜಗಲಿಯೋ ಕಾಂಪೌಂಡೋ ಹತ್ತುವುದು ಸರಿಯಾದ ದಾರಿ. ಕಿವಿಯಲ್ಲಿ ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಸಂತಾನಹರಣ ಮಾಡಿ, ಆಗ ಲಸಿಕೆ ಹಾಕಿದ್ದಾರೆ ಎಂದು ಅರ್ಥ. ಆ ಲಸಿಕೆಯ ಬಲ ಈಗಲೂ ಉಳಿದಿದೆ ಎಂಬ ಭರವಸೆ ಅಲ್ಲ. ಗುರುತಿದ್ದ ನಾಯಿ ಕಚ್ಚಿದರೂ ಆಸ್ಪತ್ರೆಗೆ ಹೋಗಲೇಬೇಕು.

ಕಚ್ಚಿದ ಮೇಲಿನ ಮಾತು ನಮ್ಮಲ್ಲಿ ಪಾಠದ ಅರ್ಧ ಭಾಗ ಆಗಬೇಕು. ಕಚ್ಚುವುದನ್ನು ತಪ್ಪಿಸುವುದೇ ಈ ಕಿಟ್‌ನ ಗುರಿ, ಕಿಟ್ ಹುಟ್ಟಿದ ಊರಿನಲ್ಲಿ ಬೀದಿನಾಯಿಯ ರೇಬೀಸ್ ದಿನನಿತ್ಯದ ಚಿಂತೆಯಲ್ಲ. ನಮಗೆ ಅದೇ ದೊಡ್ಡ ಚಿಂತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರೇಬೀಸ್ ಶಂಕೆಯ ಪ್ರಾಣಿ ಕಚ್ಚಿದವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. 2022ರಲ್ಲಿ ಕರ್ನಾಟಕ ಸರ್ಕಾರ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಡಿಮೆ ಯಾರೂ ಉಳಿಯದ ಕಾಯಿಲೆ ಇದು, ಅದಕ್ಕೂ ಮೊದಲು ಸರಿಯಾಗಿ ಚಿಕಿತ್ಸೆ ಕೊಟ್ಟರೆ ತಪ್ಪಿಸಬಹುದಾದ ಕಾಯಿಲೆಯೂ ಹೌದು.

ಮಗುವಿಗೆ ಕಲಿಸಬೇಕಾದ್ದು ಇಷ್ಟೇ: ಕಚ್ಚಿದರೂ, ಪರಚಿದರೂ, ಗಾಯವನ್ನು ನೆಕ್ಕಿದರೂ ಓಡಿ ಬಂದು ಹೇಳು. ಮರಿ ಆದರೂ ಹೇಳು. ದೊಡ್ಡವರು ಕಲಿಯಬೇಕಾದ್ದು ಇದಕ್ಕಿಂತ ಕಷ್ಟದ್ದು: ಬೈಯಬಾರದು. ‘ಆ ಕಡೆ ಯಾಕೆ ಹೋದೆ’ ಎಂಬ ಬೈಗುಳಕ್ಕೆ ಹೆದರಿ ಮಕ್ಕಳು ಗಾಯವನ್ನು ಸಾಕ್ಸಿನೊಳಗೆ, ಉದ್ದ ತೋಳಿನೊಳಗೆ ಮುಚ್ಚಿಡುತ್ತಾರೆ. ಪಾಠದ ಕೊನೆಗೆ ಪೋಷಕರನ್ನೂ ಕೂರಿಸಿ ಮಕ್ಕಳೆದುರೇ ‘ಹೇಳಿದರೆ ಬೈಯುವುದಿಲ್ಲ’ ಎಂದು ಹೇಳಿಸಬೇಕು. ಈ ಒಂದು ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ.

ಗಾಯವನ್ನು ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿ, ಅಂದಾಜಿನ 15 ನಿಮಿಷ ಎರಡು ನಿಮಿಷಕ್ಕೇ ಮುಗಿದಿರುತ್ತದೆ. ನಲ್ಲಿ ಇಲ್ಲದಿದ್ದರೆ ಕೊಡ ಚೊಂಬು ಹಿಡಿದು ಒಬ್ಬರು ಸುರಿಯುತ್ತಿರಬೇಕು. ವೈರಸ್ಸು ನರ ಸೇರುವ ಮೊದಲು ಗಾಯದಲ್ಲೇ ಅದನ್ನು ಕಡಿಮೆ ಮಾಡುವುದು ಈ ತೊಳೆತದ ಕೆಲಸ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ, ಎಕ್ಕದ ಹಾಲು ಯಾವುದೂ ಬೇಡ. ಅವು ಗಾಯವನ್ನು ಕೆರಳಿಸುತ್ತವೆ, ಆಸ್ಪತ್ರೆಗೆ ಹೋಗುವುದನ್ನು ತಡಮಾಡುತ್ತವೆ. ಬಿಗಿಯಾಗಿ ಕಟ್ಟಲೂ ಬೇಡ.

ಆಮೇಲೆ ಅದೇ ದಿನ ಆಸ್ಪತ್ರೆ. ಲಸಿಕೆಯನ್ನು ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ, ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ ಹೋಗಬೇಕು. ಮೊದಲ ಚುಚ್ಚುಮದ್ದು ಹಾಕಿಸಿದ ದಿನವೇ ‘0’. ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು, ಅದನ್ನು ಗಾಯದೊಳಗೆ ಮತ್ತು ಸುತ್ತ ಚುಚ್ಚುತ್ತಾರೆ. ಲಸಿಕೆಯಿಂದ ದೇಹ ತನ್ನದೇ ರಕ್ಷಣೆ ಕಟ್ಟಿಕೊಳ್ಳಲು ದಿನಗಳು ಬೇಕು, ಆ ನಡುವಿನ ದಿನಗಳಿಗೆ ಇದು ಸಿದ್ಧ ರಕ್ಷಣೆ. ಮುಖ, ಕುತ್ತಿಗೆ, ಬೆರಳಿಗೆ ಕಚ್ಚಿದ್ದರೆ ಇದನ್ನು ಕೇಳಿ ಪಡೆಯಿರಿ. ಜನ ಬಿಟ್ಟುಬಿಡುವುದು ಕೊನೆಯ ಚುಚ್ಚುಮದ್ದನ್ನು, ಗಾಯ ಒಣಗಿದೆ ಎಂಬ ಕಾರಣಕ್ಕೆ. ಕ್ಯಾಲೆಂಡರಿನಲ್ಲಿ ಎಲ್ಲ ದಿನಾಂಕಗಳಿಗೂ ಮೊದಲ ದಿನವೇ ಸುತ್ತು ಹಾಕಿಬಿಡಿ.

ಕಿಟ್ ತರಿಸಬೇಕೇ ಎಂದು ಕೇಳುವ ಶಾಲೆಗಳಿಗೆ: ಇಂಗ್ಲಿಷ್ ಓದಿಕೊಂಡು ಕನ್ನಡದಲ್ಲಿ ಪಾಠ ಮಾಡಬಲ್ಲ ಒಬ್ಬ ಶಿಕ್ಷಕರೋ ಪಶುವೈದ್ಯರೋ ಇದ್ದರೆ ತರಿಸಿ, ಒಂದು ತಾಲ್ಲೂಕಿನ ಹಲವು ಶಾಲೆಗಳು ಸೇರಿ ಒಂದನ್ನು ತರಿಸಿದರೂ ಸಾಕು. ಜೋಪಾನವಾಗಿ ಬಳಸಿದರೆ ಹಾಳೆಗಳು ವರ್ಷಗಟ್ಟಲೆ ಬರುತ್ತವೆ. ಅಂಥವರು ಯಾರೂ ಇಲ್ಲದಿದ್ದರೆ ಹಣ ಖರ್ಚು ಮಾಡಬೇಡಿ, ಮೂರು ಹೆಜ್ಜೆ, ನಾಲ್ಕು ಊರಿನ ಫೋಟೋ, ಒದ್ದೆ ಹತ್ತಿ ಸಾಕು. ಎರಡರಲ್ಲಿ ಯಾವುದಾದರೂ ಸರಿ, ಪಾಠವಾದ ಹತ್ತನೇ ದಿನ ಮಕ್ಕಳಿಗೆ ತಿಳಿಸದೆ ಆಟದ ಪಿರಿಯಡ್ಡಿನ ನಡುವೆ ‘ಮರ!’ ಎಂದು ಒಮ್ಮೆ ಕೂಗಿ. ಎಷ್ಟು ಕೈ ಹೊಕ್ಕುಳ ಕೆಳಗಿವೆ, ಎಷ್ಟು ಕಣ್ಣು ಕಾಲ್ಬೆರಳು ನೋಡುತ್ತಿವೆ ಎಂದು ಪಕ್ಕದಲ್ಲಿ ನಿಂತು ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಮರುದಿನ ಮತ್ತೆ ಮಾಡಿಸಿ.